ಅಮೆರಿಕದಲ್ಲಿ ನರ್ಸಿಂಗ್ ಎಕ್ಸ್‌ಟರ್ನ್‌ಶಿಪ್: ಹುಡುಕುವುದು ಎಲ್ಲಿ, ಅರ್ಜಿ ಹಾಕುವುದು ಹೇಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಅಮೆರಿಕದಲ್ಲಿ ನರ್ಸಿಂಗ್ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ರಾಜ್ಯ ಬದಲಾದರೆ, ಆಸ್ಪತ್ರೆ ಬದಲಾದರೆ ನಿಯಮವೂ ಬದಲಾಗುತ್ತದೆ. ಹಾಗಾಗಿ ಅರ್ಜಿ ಹಾಕುವ ಮುನ್ನ ಆ ಆಸ್ಪತ್ರೆಯ ಜಾಹೀರಾತನ್ನು ಕೊನೆಯ ಸಾಲಿನವರೆಗೂ ಓದಿ.

ಎಕ್ಸ್‌ಟರ್ನ್‌ಶಿಪ್ ಅಂದರೆ ಏನು? ಕಾಲೇಜಿನ ಕ್ಲಿನಿಕಲ್‌ಗಿಂತ ಇದು ಹೇಗೆ ಬೇರೆ?

ಓದು ಮುಗಿಯುವ ಮೊದಲೇ ಆಸ್ಪತ್ರೆಯೊಂದು ನಿಮ್ಮನ್ನು ಗಂಟೆ ಲೆಕ್ಕದ ಸಂಬಳಕ್ಕೆ ತೆಗೆದುಕೊಂಡು, ಅನುಭವಸ್ಥ ನರ್ಸ್ ಒಬ್ಬರ ಜೊತೆ ಜೋಡಿ ಮಾಡಿ ಕೆಲಸ ಕಲಿಸುವುದು ಎಕ್ಸ್‌ಟರ್ನ್‌ಶಿಪ್. ಬೇಸಿಗೆ ರಜೆಯಲ್ಲಿ 8ರಿಂದ 10 ವಾರ ನಡೆಯುವುದು ಸಾಮಾನ್ಯ.

ಕ್ಲಿನಿಕಲ್ ಅಂದರೆ ಕೋರ್ಸಿನ ಭಾಗವಾಗಿ ಆಸ್ಪತ್ರೆಯಲ್ಲಿ ನಡೆಯುವ ತರಬೇತಿ. ಅಲ್ಲಿ ನೀವು ವಿದ್ಯಾರ್ಥಿ. ಫೀಸು ಕಟ್ಟುವವರು ನೀವು, ಹೊಣೆ ಕಾಲೇಜಿನದು, ಕಣ್ಣಳತೆಯಲ್ಲಿ ಇನ್‌ಸ್ಟ್ರಕ್ಟರ್ ಇರುತ್ತಾರೆ. ಎಕ್ಸ್‌ಟರ್ನ್‌ಶಿಪ್‌ನಲ್ಲಿ ನೀವು ಆಸ್ಪತ್ರೆಯ ನೌಕರರು. ಔಷಧಿ ಏಕೆ ಕೊಡುವಂತಿಲ್ಲ, ವೀಸಾ ಏಕೆ ಅಡ್ಡ ಬರುತ್ತದೆ, ಇಷ್ಟೊಂದು ಕಾಗದ ಪತ್ರ ಏಕೆ ಕೇಳುತ್ತಾರೆ ಎಂಬ ಪ್ರಶ್ನೆಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಲೈಸೆನ್ಸ್ ಸಿಕ್ಕ ಮೇಲೆ ಹೊಸ ನರ್ಸ್‌ಗಳಿಗೆ ನಡೆಸುವ ರೆಸಿಡೆನ್ಸಿ ಬೇರೆ. ನಮ್ಮೂರಿನ ಬಿಎಸ್ಸಿ ನರ್ಸಿಂಗ್ ಕೊನೆಯಲ್ಲಿ ಬರುವ ಇಂಟರ್ನ್‌ಶಿಪ್ಪೂ ಬೇರೆ. ಅದು ಕೋರ್ಸಿನ ಭಾಗ, ಹುಡುಕಿ ಗಿಟ್ಟಿಸಿಕೊಳ್ಳುವ ಕೆಲಸವಲ್ಲ.

ಯಾವ ವರ್ಷದಲ್ಲಿ ಅರ್ಜಿ ಹಾಕಬಹುದು?

ದೊಡ್ಡ ಬೇಸಿಗೆ ಕಾರ್ಯಕ್ರಮಗಳು ನಾಲ್ಕು ವರ್ಷದ ನರ್ಸಿಂಗ್ ಪದವಿಯಾದ ಬಿಎಸ್‌ಎನ್‌ನಲ್ಲಿ ಮೂರನೆಯ ವರ್ಷ ಮುಗಿಸಿ ಕೊನೆಯ ವರ್ಷಕ್ಕೆ ಹೋಗುವವರನ್ನು ಬಯಸುತ್ತವೆ. ಉಳಿದ ಕಡೆ ಕೇಳುವುದು ಇಷ್ಟು: ಮೆಡಿಕಲ್-ಸರ್ಜಿಕಲ್ (ಸಾಮಾನ್ಯ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆ ವಾರ್ಡಿನ) ಕ್ಲಿನಿಕಲ್ ಒಂದಾದರೂ ಮುಗಿದಿರಬೇಕು, ಕಾಲೇಜಿಗೆ ಎಸಿಇಎನ್ ಅಥವಾ ಸಿಸಿಎನ್‌ಇ ಎಂಬ ಸಂಸ್ಥೆಯ ಮಾನ್ಯತೆ ಇರಬೇಕು, ಜಿಪಿಎ (4ಕ್ಕೆ ಲೆಕ್ಕ ಹಾಕುವ ಅಂಕಗಳ ಸರಾಸರಿ) 3.0ರ ಆಸುಪಾಸಿನಲ್ಲಿರಬೇಕು. ಎರಡು ವರ್ಷದ ನರ್ಸಿಂಗ್ ಕೋರ್ಸಾದ ಎಡಿಎನ್ ಓದುವವರನ್ನೂ ಹಲವು ಆಸ್ಪತ್ರೆಗಳು ತೆಗೆದುಕೊಳ್ಳುತ್ತವೆ. ಕಡಿಮೆ ಅವಧಿಯಲ್ಲಿ ಮುಗಿಯುವ ವೇಗದ (ಆಕ್ಸಿಲರೇಟೆಡ್) ಬಿಎಸ್‌ಎನ್ ಓದುವವರಿಗೆ ಬೇಸಿಗೆ ರಜೆಯೇ ಇರುವುದಿಲ್ಲ. ಅವರು ವರ್ಷವಿಡೀ ನಡೆಯುವ, ತಿಂಗಳಿಗೆ ಕೆಲವೇ ಪಾಳಿಯ ಹುದ್ದೆಗಳತ್ತ ನೋಡುವುದು ವಾಸಿ.

ಮೇ ತಿಂಗಳಲ್ಲಿ ಪರೀಕ್ಷೆ ಮುಗಿಸಿ ಹುಡುಕಿದರೆ ಆಗುವುದಿಲ್ಲವೇ?

ಆ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಜೂನ್‌ನಲ್ಲಿ ಶುರುವಾಗುವ ಕಾರ್ಯಕ್ರಮಕ್ಕೆ ಅರ್ಜಿ ಕರೆಯುವುದು ಹೆಚ್ಚಾಗಿ ಹಿಂದಿನ ನವೆಂಬರ್‌ನಿಂದ ಫೆಬ್ರವರಿಯೊಳಗೆ, ಕೆಲವು ಕಡೆ ಅದಕ್ಕೂ ಮೊದಲೇ. ಅರ್ಜಿಯ ಕಿಟಕಿ ಎರಡೇ ವಾರ ತೆರೆದಿರುವುದುಂಟು. ಸಾಕಷ್ಟು ಅರ್ಜಿ ಬಂದವು ಎಂದು ಹೇಳಿದ ದಿನಕ್ಕಿಂತ ಮುಂಚೆಯೇ ಮುಚ್ಚುವುದೂ ಉಂಟು.

ಹೀಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಿ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಆಸ್ಪತ್ರೆಗಳ ಪಟ್ಟಿ ಮತ್ತು ಲಸಿಕೆ ದಾಖಲೆ, ಅಕ್ಟೋಬರ್‌ನಲ್ಲಿ ರೆಸ್ಯೂಮೆ ಮತ್ತು ಶಿಫಾರಸು ಪತ್ರದ ಕೋರಿಕೆ, ನವೆಂಬರ್‌ನಿಂದ ಅರ್ಜಿ. ಸಂದರ್ಶನ ಜನವರಿಯಿಂದ ಮಾರ್ಚ್ ನಡುವೆ ಬರಬಹುದು.

ಹುಡುಕುವುದು ಎಲ್ಲಿ? ಎಕ್ಸ್‌ಟರ್ನ್ ಎಂದು ಟೈಪ್ ಮಾಡಿದರೆ ಏನೂ ಸಿಗುತ್ತಿಲ್ಲ.

ಹೆಸರಿನದೇ ತೊಂದರೆ. ಒಂದೇ ಕೆಲಸವನ್ನು ಒಂದು ಆಸ್ಪತ್ರೆ ನರ್ಸ್ ಎಕ್ಸ್‌ಟರ್ನ್ ಎನ್ನುತ್ತದೆ, ಇನ್ನೊಂದು ಸ್ಟೂಡೆಂಟ್ ನರ್ಸ್ ಟೆಕ್ನೀಷಿಯನ್ ಎನ್ನುತ್ತದೆ. ನರ್ಸ್ ಅಪ್ರೆಂಟಿಸ್, ನರ್ಸ್ ಇಂಟರ್ನ್, ಸ್ಟೂಡೆಂಟ್ ನರ್ಸ್ ಅಸೋಸಿಯೇಟ್ ಎಂಬ ಹೆಸರುಗಳೂ ಇವೆ. ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿ.

ಉದ್ಯೋಗ ಜಾಲತಾಣಗಳಿಗಿಂತ ಆಸ್ಪತ್ರೆಯ ಸ್ವಂತ ಕೆರಿಯರ್ ಪುಟವೇ ಮೇಲು. ಅಲ್ಲಿಯೂ ಈ ಹುದ್ದೆಗಳು ನರ್ಸಿಂಗ್ ವಿಭಾಗದಲ್ಲಿ ಇರದೆ, ವಿದ್ಯಾರ್ಥಿಗಳು ಅಥವಾ ನರ್ಸಿಂಗ್ ಸಪೋರ್ಟ್ ಎಂಬ ವಿಭಾಗದೊಳಗೆ ಕುಳಿತಿರುತ್ತವೆ. ಜಾಬ್ ಅಲರ್ಟ್ ಹಾಕಿಡಿ.

ಬಹಳ ಜನ ಮರೆಯುವ ದಾರಿಯೊಂದಿದೆ: ನೀವು ಈಗಾಗಲೇ ಕ್ಲಿನಿಕಲ್ ಮಾಡುತ್ತಿರುವ ವಾರ್ಡಿನ ನರ್ಸ್ ಮ್ಯಾನೇಜರ್. ಪಾಳಿ ಮುಗಿಸಿ ಹೊರಡುವಾಗ ಎರಡು ನಿಮಿಷ ನಿಂತು, ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ, ಯಾವ ತಿಂಗಳಲ್ಲಿ ಕರೆಯುತ್ತೀರಿ ಎಂದು ಕೇಳಿ. ಸಂಕೋಚಪಡಬೇಡಿ. ಇಲ್ಲಿ ಹಾಗೆ ಕೇಳುವುದನ್ನು ಅಧಿಕಪ್ರಸಂಗ ಎಂದು ಯಾರೂ ತಿಳಿಯುವುದಿಲ್ಲ.

ಹೆಸರುವಾಸಿ ಕಾರ್ಯಕ್ರಮಗಳು ಯಾವುವು?

ಮಿನೆಸೋಟಾದ ರಾಚೆಸ್ಟರ್‌ನಲ್ಲಿರುವ ಮೇಯೊ ಕ್ಲಿನಿಕ್‌ನ ಸಮ್ಮರ್ ತ್ರೀ ಬಹಳ ಹಳೆಯದು. ಮೂರನೆಯ ವರ್ಷ ಮುಗಿಸಿದ ಬಿಎಸ್‌ಎನ್ ವಿದ್ಯಾರ್ಥಿಗಳಿಗೆ 10 ವಾರದ ಸಂಬಳಸಹಿತ ಕೆಲಸ. ದೇಶದ ಎಲ್ಲ ಕಡೆಯಿಂದ ಅರ್ಜಿ ಬರುವುದರಿಂದ ಪೈಪೋಟಿ ಜೋರು. ಮಾಜಿ ಸೈನಿಕರ ವಿಎ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿ ಕಾರ್ಯಕ್ರಮವನ್ನು ಹಿಂದೆ ವ್ಯಾಲರ್ ಎನ್ನುತ್ತಿದ್ದರು, ಆಮೇಲೆ ಅದರ ಜಾಗಕ್ಕೆ ವಿಎ-ಸ್ಟೆಪ್ ಬಂತು. ಅದಕ್ಕೆ ಅಮೆರಿಕದ ಪೌರತ್ವ ಬೇಕು. ಗ್ರೀನ್ ಕಾರ್ಡ್ ಸಾಲದು.

ಹೆಸರಿನ ಹಿಂದೆಯೇ ಬೀಳಬೇಡಿ. ಮನೆಯಿಂದ 20 ಮೈಲಿ ದೂರದ 200 ಹಾಸಿಗೆಯ ಆಸ್ಪತ್ರೆಯಲ್ಲಿ ಕೈಗೆ ಸಿಗುವ ಕೆಲಸ ಹೆಚ್ಚಿರಬಹುದು. ದೂರದೂರಿಗೆ ಹೋದರೆ ಹತ್ತು ವಾರದ ಬಾಡಿಗೆ ಸಾಮಾನ್ಯವಾಗಿ ನಿಮ್ಮದೇ. ಸಂಬಳದಲ್ಲಿ ಅದನ್ನು ಕಳೆದು ನೋಡಿ, ಆಮೇಲೆ ತೀರ್ಮಾನಿಸಿ. ಎಂಟು-ಹತ್ತು ಕಡೆ ಅರ್ಜಿ ಹಾಕುವಾಗ ಎರಡು ದೊಡ್ಡ ಹೆಸರು, ಉಳಿದದ್ದು ಹತ್ತಿರದವು ಎಂಬ ಲೆಕ್ಕ ಸರಿಹೋಗುತ್ತದೆ.

ನಾನು ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದೇನೆ. ಎಕ್ಸ್‌ಟರ್ನ್‌ಶಿಪ್ ಮಾಡಬಹುದಾ?

ಮಾಡಬಹುದು, ಆದರೆ ಸಿಪಿಟಿಯಂಥ ಅನುಮತಿ (ಸಿಪಿಟಿ ಅಂದರೆ ಪಠ್ಯಕ್ರಮದ ಭಾಗವಾಗಿ ಕೆಲಸ ಮಾಡಲು ಕೊಡುವ ಅನುಮತಿ) ಇಲ್ಲದೆ ಒಂದು ಗಂಟೆಯೂ ಮಾಡುವಂತಿಲ್ಲ. ಸಿಪಿಟಿ ಸಿಗಬೇಕಾದರೆ ಸಾಮಾನ್ಯವಾಗಿ ಪೂರ್ತಿ ಒಂದು ಶೈಕ್ಷಣಿಕ ವರ್ಷ ಓದಿರಬೇಕು, ಮತ್ತು ಆ ಕೆಲಸ ನಿಮ್ಮ ಪಠ್ಯಕ್ರಮದ ಅಂಗವಾಗಿರಬೇಕು. ಇಲ್ಲಿಯೇ ಹಲವರು ಎಡವುವುದು. ಆಸ್ಪತ್ರೆ ಆಯ್ಕೆ ಮಾಡಿದ ಮೇಲೆ ಕಾಲೇಜಿನ ಅಂತರರಾಷ್ಟ್ರೀಯ ಕಚೇರಿಗೆ ಹೋದರೆ, ನಿಮ್ಮ ವಿಭಾಗದಲ್ಲಿ ಇದಕ್ಕೆ ಹೊಂದುವ ಕ್ರೆಡಿಟ್ ಕೋರ್ಸೇ ಇಲ್ಲವಲ್ಲ ಎನ್ನುತ್ತಾರೆ. ಅರ್ಜಿ ಹಾಕುವ ಮುನ್ನವೇ ಆ ಕಚೇರಿಯಲ್ಲಿ ವಿದ್ಯಾರ್ಥಿ ವೀಸಾ ನೋಡಿಕೊಳ್ಳುವ ಅಧಿಕಾರಿಯಾದ ಡಿಎಸ್‌ಒ ಅವರನ್ನು ಕಂಡು, ಬೇಸಿಗೆಯಲ್ಲಿ ಯಾವ ಕೋರ್ಸ್ ಸಂಖ್ಯೆಗೆ ಇದನ್ನು ಜೋಡಿಸಬಹುದು ಎಂದು ಕೇಳಿಟ್ಟುಕೊಳ್ಳಿ.

ಆಯ್ಕೆಯಾದ ಮೇಲೆ ಆಸ್ಪತ್ರೆಯಿಂದ ಬರುವ ಪತ್ರದಲ್ಲಿ ಹುದ್ದೆ, ವಿಳಾಸ, ಶುರುವಾಗುವ ಮತ್ತು ಮುಗಿಯುವ ದಿನ, ವಾರಕ್ಕೆ ಎಷ್ಟು ಗಂಟೆ ಎಲ್ಲ ಇರಲಿ. ಅದರ ಆಧಾರದ ಮೇಲೆ ಸಿಪಿಟಿ ನಮೂದಾದ ಹೊಸ ಐ-20 (ವಿದ್ಯಾರ್ಥಿ ವೀಸಾದವರಿಗೆ ಕಾಲೇಜು ಕೊಡುವ ದಾಖಲೆ) ಬರುತ್ತದೆ. ಅದರಲ್ಲಿರುವ ದಿನಕ್ಕಿಂತ ಒಂದು ದಿನ ಮೊದಲು ಸಂಬಳದ ಓರಿಯಂಟೇಶನ್‌ಗೆ ಕುಳಿತರೂ ಅದು ಅನಧಿಕೃತ ಕೆಲಸ. ಪೂರ್ಣಾವಧಿ ಸಿಪಿಟಿ 12 ತಿಂಗಳು ತಲುಪಿದರೆ ಅದೇ ಹಂತದ ಪದವಿಯ ಒಪಿಟಿ (ಓದಿನ ನಂತರ ಸಿಗುವ ಕೆಲಸದ ಅನುಮತಿ) ಹೋಗುತ್ತದೆ. ಹತ್ತು ವಾರದಿಂದ ಆ ಭಯವಿಲ್ಲ.

ಆನ್‌ಲೈನ್ ಅರ್ಜಿಯಲ್ಲಿ ಮುಂದೆ ವೀಸಾ ಪ್ರಾಯೋಜಕತ್ವ ಬೇಕೇ ಎಂಬ ಪ್ರಶ್ನೆ ಇರುತ್ತದೆ. ಬೇಕಾಗುವುದಾದರೆ ಹೌದು ಎಂದೇ ಬರೆಯಿರಿ. ಅದರಿಂದ ಕೆಲವು ಕಡೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ, ನಿಜ. ಸುಳ್ಳು ಬರೆದು ಆಮೇಲೆ ಸಿಕ್ಕಿಬೀಳುವ ನಷ್ಟ ಅದಕ್ಕಿಂತ ದೊಡ್ಡದು.

ಸಂಬಳದ ಚೀಟಿಯನ್ನೂ ನೋಡಿ. ತೆರಿಗೆ ಲೆಕ್ಕದಲ್ಲಿ ಇನ್ನೂ ಅನಿವಾಸಿಯಾಗಿರುವ ಎಫ್-1 ವಿದ್ಯಾರ್ಥಿಯಿಂದ ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ನ 7.65% ಕಡಿಯುವಂತಿಲ್ಲ. ಕಡಿದಿದ್ದರೆ ಪೇರೋಲ್‌ನವರಿಗೆ ಹೇಳಿ ವಾಪಸ್ ಪಡೆಯಿರಿ.

ಮಗಳು ಎಚ್-4ನಲ್ಲಿದ್ದಾಳೆ, ಹತ್ತು ವರ್ಷದಿಂದ ಇಲ್ಲೇ ಓದಿದ್ದಾಳೆ. ಅವಳಿಗೆ ಏನು ದಾರಿ?

ಎಚ್-4 ಅಂದರೆ ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಕುಟುಂಬದವರಿಗೆ ಸಿಗುವ ವೀಸಾ. ಎಚ್-4 ಮಕ್ಕಳಿಗೆ ಕೆಲಸದ ಅನುಮತಿ ಇಲ್ಲ. ಎಚ್-4 ಇಎಡಿ ಎಂಬ ಕೆಲಸದ ಅನುಮತಿ ಕಾರ್ಡ್ ಕೆಲವು ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಮಾತ್ರ. ಸಂಬಳ ಬೇಡ, ಹಾಗೇ ಮಾಡುತ್ತಾಳೆ ಎಂದರೂ ನಡೆಯುವುದಿಲ್ಲ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಿದರೂ ಅದು ಕೆಲಸವೇ. ಕಾಲೇಜಿನ ಕ್ಲಿನಿಕಲ್‌ಗೆ ಈ ತೊಡಕಿಲ್ಲ. ಆಸ್ಪತ್ರೆಯ ಸ್ವಯಂಸೇವಕರ ವಿಭಾಗದಲ್ಲಿ, ಯಾವತ್ತೂ ಸಂಬಳವಿಲ್ಲದ ಸೇವೆ ಮಾಡಬಹುದು.

21 ತುಂಬಿದೊಡನೆ ಎಚ್-4 ಮುಗಿಯುತ್ತದೆ. ಹೇಗೂ ಎಫ್-1ಗೆ ಬದಲಾಗಲೇಬೇಕಾದರೆ ಮೂರನೆಯ ವರ್ಷದ ಬೇಸಿಗೆಯನ್ನು ಗಮನದಲ್ಲಿಟ್ಟುಕೊಂಡು, ಸಾಕಷ್ಟು ಮುಂಚೆಯೇ ವಲಸೆ ವಕೀಲರ ಜೊತೆ ಮಾತಾಡಿ.

ರೆಸ್ಯೂಮೆ ಹೇಗಿರಬೇಕು?

ಒಂದೇ ಪುಟ. ನಮ್ಮ ಬಯೋಡೇಟಾದ ಅಭ್ಯಾಸವನ್ನು ಪೂರ್ತಿ ಬಿಡಿ: ಫೋಟೊ, ಹುಟ್ಟಿದ ದಿನ, ತಂದೆಯ ಹೆಸರು, ಮದುವೆ, ಧರ್ಮ, ಕೊನೆಯಲ್ಲಿ ಸಹಿ ಹಾಕಿದ ಘೋಷಣೆ ಯಾವುದೂ ಇರಕೂಡದು.

ಆಯ್ಕೆದಾರರ ಕಣ್ಣು ಹೋಗುವುದು ಕ್ಲಿನಿಕಲ್ ಭಾಗಕ್ಕೆ. ಮೆಡ್-ಸರ್ಜ್ ಕ್ಲಿನಿಕಲ್ ಮಾಡಿದ್ದೇನೆ ಎಂಬ ಸಾಲಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ಮೂಳೆ ಶಸ್ತ್ರಚಿಕಿತ್ಸೆ ವಾರ್ಡ್, 32 ಹಾಸಿಗೆ, 90 ಗಂಟೆ, ಪಾಳಿಗೆ ಇಬ್ಬರು ರೋಗಿಗಳ ಆರೈಕೆ, ಗಾಯದ ಡ್ರೆಸ್ಸಿಂಗ್, ಮೂತ್ರದ ಕ್ಯಾಥೆಟರ್ ತೆಗೆಯುವುದು, ಎಪಿಕ್ ತಂತ್ರಾಂಶದಲ್ಲಿ ದಾಖಲೆ. ಸಂಖ್ಯೆ ಇದ್ದರೆ ಓದುವವರಿಗೆ ನೀವು ಕಾಣುತ್ತೀರಿ. ಅಂಗಡಿಯಲ್ಲೋ ಹೋಟೆಲಿನಲ್ಲೋ ಕೆಲಸ ಮಾಡಿದ್ದರೆ ಅದನ್ನೂ ಹಾಕಿ. ಎರಡು ವರ್ಷ ಒಂದೇ ಕಡೆ ತಪ್ಪದೆ ಹೋದವರು ಎಂಬುದು ನರ್ಸ್ ಮ್ಯಾನೇಜರ್‌ಗೆ ಬೇಕಾದ ಮಾಹಿತಿ.

ಕನ್ನಡ ಬರುತ್ತದೆ ಎಂದು ಬರೆಯಲೇ?

ಬರೆಯಿರಿ. ಕನ್ನಡದ ಜೊತೆ ತೆಲುಗು, ಹಿಂದಿ ಬಂದರೆ ಅವನ್ನೂ. ಆದರೆ ವಾರ್ಡಿನಲ್ಲಿ ಮಂಡ್ಯದ ಅಜ್ಜಿಯೊಬ್ಬರು ಸಿಕ್ಕರೆ, ನೀರು ಬೇಕಾ ಅಜ್ಜಿ, ದಿಂಬು ಸರಿಯಿದೆಯಾ ಎಂದು ಮಾತಾಡಿಸುವುದಕ್ಕೂ ಆಪರೇಶನ್‌ನ ಒಪ್ಪಿಗೆ ಪತ್ರವನ್ನು ಅನುವಾದಿಸಿ ಹೇಳುವುದಕ್ಕೂ ಅಂತರವಿದೆ. ಎರಡನೆಯದಕ್ಕೆ ಅರ್ಹ ದುಭಾಷಿಯೇ ಬೇಕು; ಆಸ್ಪತ್ರೆಯಲ್ಲಿ ಫೋನ್ ಅಥವಾ ವಿಡಿಯೊ ಮೂಲಕ ಸಿಗುತ್ತಾರೆ.

ಶಿಫಾರಸು ಪತ್ರ ಯಾರಿಂದ?

ನಿಮ್ಮನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ನೋಡಿದ ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ನಿಂದ. ಕುಟುಂಬಕ್ಕೆ ಪರಿಚಯದ ಡಾಕ್ಟರ್ ಅಂಕಲ್ ಪತ್ರಕ್ಕೆ ಇಲ್ಲಿ ಬೆಲೆಯಿಲ್ಲ. ಕನಿಷ್ಠ ಮೂರು ವಾರ ಮೊದಲು ಕೇಳಿ, ಜೊತೆಗೆ ರೆಸ್ಯೂಮೆ, ಕೊನೆಯ ದಿನಾಂಕ ಮತ್ತು ಅವರ ಎದುರಿಗೆ ನೀವು ಮಾಡಿದ ಒಂದೆರಡು ಕೆಲಸದ ನೆನಪು ಕೊಡಿ. ಸೆಮಿಸ್ಟರಿಗೆ ಹತ್ತಾರು ವಿದ್ಯಾರ್ಥಿಗಳನ್ನು ನೋಡುವವರಿಗೆ ಆ ನೆನಪೇ ಪತ್ರದ ಜೀವಾಳ.

ಲಸಿಕೆ ದಾಖಲೆಗಳಲ್ಲಿ ತೊಡಕು ಬರುವುದೆಲ್ಲಿ?

ಕೈಗೆ ಬಂದ ಕೆಲಸ ಜೂನ್ ಮೊದಲ ವಾರ ತಪ್ಪಿಹೋಗುವುದು ಹೆಚ್ಚಾಗಿ ಇಲ್ಲಿಯೇ. ಭಾರತದಲ್ಲಿ ಹುಟ್ಟಿ ಬೆಳೆದವರಿಗಂತೂ ಮೂರು ಕಡೆ ಸಿಕ್ಕು.

ಮೊದಲನೆಯದು ಟಿಬಿ. ನಮ್ಮಲ್ಲಿ ಹುಟ್ಟಿದ ಕೂಡಲೇ ಬಿಸಿಜಿ ಹಾಕುತ್ತಾರೆ, ತೋಳಿನ ಮೇಲೆ ಕಲೆ ಉಳಿದಿರುತ್ತದೆ. ಚರ್ಮಕ್ಕೆ ಚುಚ್ಚಿ 48ರಿಂದ 72 ಗಂಟೆಯೊಳಗೆ ನೋಡುವ ಪರೀಕ್ಷೆಯಲ್ಲಿ ಬಿಸಿಜಿಯ ಕಾರಣಕ್ಕೇ ಉಬ್ಬು ಬಂದು, ಸೋಂಕಿಲ್ಲದಿದ್ದರೂ ಪಾಸಿಟಿವ್ ಎಂದು ಬರೆದುಬಿಡಬಹುದು. ಅದರ ಬದಲು ಕ್ವಾಂಟಿಫೆರಾನ್ ಅಥವಾ ಟಿ-ಸ್ಪಾಟ್ ಎಂಬ ರಕ್ತಪರೀಕ್ಷೆ ಮಾಡಿ ಎಂದು ನೀವೇ ಕೇಳಿ. ಬಿಸಿಜಿ ಅದನ್ನು ಕೆಡಿಸುವುದಿಲ್ಲ. ಅದರಲ್ಲೂ ಪಾಸಿಟಿವ್ ಬಂದರೆ ಎದೆಯ ಎಕ್ಸ್‌ರೇ ಮತ್ತು ವೈದ್ಯರ ತಪಾಸಣೆ ಆಗಬೇಕು. ಹೆದರುವುದು ಬೇಡ, ಕೆಲಸ ಹೋಗುತ್ತದೆ ಎಂದೇನಿಲ್ಲ, ಆದರೆ ವಾರಗಳು ಹಿಡಿಯುತ್ತವೆ.

ಎರಡನೆಯದು ಚಿಕನ್ ಪಾಕ್ಸ್. ಚಿಕ್ಕಂದಿನಲ್ಲಿ ಅಮ್ಮ ಆಗಿತ್ತು, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು ಎಂಬ ಮನೆಯವರ ಮಾತು ದಾಖಲೆಯಾಗುವುದಿಲ್ಲ. ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂದು ನೋಡುವ ಟೈಟರ್ ಮಾಡಿಸಿ. ಇಲ್ಲದಿದ್ದರೆ 4 ವಾರದ ಅಂತರದಲ್ಲಿ ಎರಡು ಡೋಸ್. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂಎಂಆರ್ ಲಸಿಕೆಗೂ ಇದೇ ಅಂತರ.

ಮೂರನೆಯದು ಹೆಪಟೈಟಿಸ್ ಬಿ. ಸಾಮಾನ್ಯ ಕ್ರಮದಲ್ಲಿ ಮೂರು ಡೋಸ್, 0, 1 ಮತ್ತು 6ನೆಯ ತಿಂಗಳಲ್ಲಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳ ಮೇಲೆ ಟೈಟರ್. ಲೆಕ್ಕ ಹಾಕಿ: ಸೆಪ್ಟೆಂಬರ್‌ನಲ್ಲಿ ಶುರು ಮಾಡಿದರೆ ಟೈಟರ್ ಕೈಗೆ ಬರುವುದು ಏಪ್ರಿಲ್ ಅಥವಾ ಮೇ ತಿಂಗಳಿಗೆ. ಹೆಪ್ಲಿಸಾವ್-ಬಿ ಎಂಬ ಲಸಿಕೆ ಒಂದು ತಿಂಗಳ ಅಂತರದಲ್ಲಿ ಎರಡೇ ಡೋಸ್. ತಡವಾದವರಿಗೆ ಇದು ದಾರಿ.

ಇನ್ನೊಂದು ಸಣ್ಣ ಎಚ್ಚರಿಕೆ. ಎಂಎಂಆರ್ ಹಾಕಿಸಿಕೊಂಡ ಮರುವಾರ ಟಿಬಿ ಪರೀಕ್ಷೆ ಮಾಡಿಸಬೇಡಿ. ಜೀವಂತ ವೈರಸ್ಸಿನ ಲಸಿಕೆ ಟಿಬಿ ಫಲಿತಾಂಶವನ್ನು ಮಸುಕಾಗಿಸಬಹುದು. ಎರಡನ್ನೂ ಒಂದೇ ದಿನ ಮಾಡಿಸಿ, ಇಲ್ಲವೇ ಕನಿಷ್ಠ ನಾಲ್ಕು ವಾರ ಬಿಡಿ.

ಬಿಎಲ್‌ಎಸ್ (ಹೃದಯ, ಉಸಿರು ನಿಂತವರಿಗೆ ಮಾಡುವ ತುರ್ತು ಆರೈಕೆಯ ತರಬೇತಿ) ಕಾರ್ಡ್ ಆನ್‌ಲೈನ್‌ನಲ್ಲಿ ಮಾಡಿಸಿದರೆ ಸಾಕೇ?

ಪೂರ್ತಿ ಆನ್‌ಲೈನ್ ಪ್ರಮಾಣಪತ್ರಗಳನ್ನು ಆಸ್ಪತ್ರೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ಪ್ರೊವೈಡರ್ ಕಾರ್ಡನ್ನೇ ಹೆಚ್ಚಿನವರು ಕೇಳುತ್ತಾರೆ. ಪಾಠ ಆನ್‌ಲೈನ್‌ನಲ್ಲಿ ಮುಗಿಸಿದರೂ ಬೊಂಬೆಯ ಎದೆ ಒತ್ತಿ ತೋರಿಸುವ ಪರೀಕ್ಷೆಗೆ ಖುದ್ದಾಗಿ ಹೋಗಬೇಕು. ಕಾರ್ಡ್‌ನ ಅವಧಿ 2 ವರ್ಷ. ಜುಲೈನಲ್ಲಿ ಮುಗಿಯುವುದಿದ್ದರೆ ಮೇ ತಿಂಗಳಲ್ಲೇ ನವೀಕರಿಸಿ, ನಡುವೆ ಪಾಳಿ ನಿಲ್ಲಿಸಿಯಾರು.

ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಕಾಲೇಜಿನಲ್ಲಿ ಇನ್ನೊಂದು. ತೊಂದರೆಯೇ?

ತೊಂದರೆಯೇ. ನಮ್ಮ ಇನಿಷಿಯಲ್ ಪದ್ಧತಿಯ ಫಲ ಇದು. ಪಾಸ್‌ಪೋರ್ಟಿನಲ್ಲಿ ಹೆಸರೆಲ್ಲ ಒಂದೇ ಕಡೆ ಸೇರಿಕೊಂಡು, ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂದು ಬಿದ್ದು, ಬಿಎಲ್‌ಎಸ್ ಕಾರ್ಡಿನಲ್ಲಿ ಊರಿನ ಹೆಸರು ಕೊನೆಗೆ ಬಂದರೆ, ಹಿನ್ನೆಲೆ ಪರಿಶೀಲನೆ ಮಾಡುವ ಸಂಸ್ಥೆ ಇದು ಒಬ್ಬರೇ ಎಂದು ನಂಬುವುದಿಲ್ಲ. ಆನ್‌ಲೈನ್ ಅರ್ಜಿಯಲ್ಲಿ ಪಾಸ್‌ಪೋರ್ಟ್ ಮತ್ತು ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇದ್ದಂತೆಯೇ ಹೆಸರು ಹಾಕಿ, ಉಳಿದ ರೂಪಗಳನ್ನು ಬೇರೆ ಹೆಸರುಗಳ ಕಾಲಂನಲ್ಲಿ ತುಂಬಿ.

ಸಂದರ್ಶನದಲ್ಲಿ ಏನು ಕೇಳುತ್ತಾರೆ?

ಪುಸ್ತಕದ ಪ್ರಶ್ನೆ ಕಡಿಮೆ. ಒತ್ತಡದಲ್ಲಿ ಏನು ಮಾಡಿದಿರಿ, ತಪ್ಪಾದಾಗ ಯಾರಿಗೆ ಹೇಳಿದಿರಿ, ಈ ವಾರ್ಡೇ ಏಕೆ, ಇಂಥವೇ ಹೆಚ್ಚು. ನಾನು ತಂಡದಲ್ಲಿ ಚೆನ್ನಾಗಿ ಕೆಲಸ ಮಾಡುತ್ತೇನೆ ಎಂದರೆ ಕೇಳಿದವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಮಾದರಿಗೆ:

"ಮಂಡಿ ಬದಲಾಯಿಸಿಕೊಂಡು ಎರಡನೆಯ ದಿನದ ರೋಗಿ. 8 ಗಂಟೆಗೆ ಬಿಪಿ 128/76 ಇತ್ತು, 10ಕ್ಕೆ ನೋಡಿದರೆ 94/58. ಯಂತ್ರವನ್ನು ನಂಬದೆ ಕೈಯಿಂದ ಇನ್ನೊಮ್ಮೆ ನೋಡಿದೆ, 96/60. ತಲೆ ಸುತ್ತುತ್ತಿದೆ ಎಂದರು. ಆಗ ತಾನೇ ಅವರನ್ನು ನಡೆಸಲು ಫಿಸಿಯೊಥೆರಪಿಯವರು ಬಂದಿದ್ದರು. ಸ್ವಲ್ಪ ತಡೆಯಿರಿ ಎಂದು ಹೇಳಿ, ರೋಗಿಯನ್ನು ಮಲಗಿಸಿ, ಎರಡೂ ಬಿಪಿ ಸಮೇತ ನರ್ಸ್‌ಗೆ ತಿಳಿಸಿದೆ."

ಇದರಲ್ಲಿ ಸಾಹಸವೇನೂ ಇಲ್ಲ. ಇಳಿದ ಬಿಪಿಯನ್ನು ಗುರುತಿಸಿ, ಖಚಿತಪಡಿಸಿಕೊಂಡು, ತಾನೇ ಡಾಕ್ಟರ್ ಆಗಲು ಹೋಗದೆ ಸರಿಯಾದವರಿಗೆ ಹೇಳಿದ್ದಷ್ಟೇ. ಮ್ಯಾನೇಜರ್ ಹುಡುಕುತ್ತಿರುವುದು ಇಂಥವರನ್ನು. ರೋಗಿಯ ಹೆಸರು, ಕೋಣೆ ಸಂಖ್ಯೆ, ದಿನಾಂಕ ಬಾಯಿಗೆ ಬರಬಾರದು. ಅಲ್ಲಿಗೇ ಸಂದರ್ಶನ ಕೆಡುತ್ತದೆ.

ಕಾಲೇಜಿನಲ್ಲಿ ಇಂಜೆಕ್ಷನ್ ಕೊಟ್ಟಿದ್ದೇನೆ. ಎಕ್ಸ್‌ಟರ್ನ್ ಆಗಿ ಏಕೆ ಕೊಡುವಂತಿಲ್ಲ?

ಕಲಿಕೆಯ ಭಾಗವಾಗಿ ವಿದ್ಯಾರ್ಥಿ ಮಾಡುವ ಕೆಲಸಕ್ಕೆ ರಾಜ್ಯದ ನರ್ಸಿಂಗ್ ಕಾನೂನು ವಿನಾಯಿತಿ ಕೊಡುತ್ತದೆ. ಸಂಬಳ ತೆಗೆದುಕೊಂಡು ಪಾಳಿಗೆ ನಿಂತಾಗ ನೀವು ಲೈಸೆನ್ಸ್ ಇಲ್ಲದ ನೌಕರರು. ನೀವೂ ಅದೇ, ವಾರ್ಡೂ ಅದೇ ಇರಬಹುದು. ಕಾನೂನಿನ ಕಣ್ಣಿಗೆ ಬೇರೆ.

ಬಹುತೇಕ ಕಡೆ ನಿಮ್ಮ ಪಾಲಿಗೆ ಬರುವುದು ಬಿಪಿ, ಉಷ್ಣಾಂಶ, ಬೆರಳು ಚುಚ್ಚಿ ಶುಗರ್ ನೋಡುವುದು, ಸ್ನಾನ, ಮಗ್ಗುಲು ಬದಲಿಸುವುದು, ಕುಡಿದ ನೀರು ಮತ್ತು ಹೋದ ಮೂತ್ರದ ಲೆಕ್ಕ, ಇಸಿಜಿ. ಇನ್ನೂ ಸ್ವಲ್ಪ ಹೆಚ್ಚು ಬಿಡುವ ರಾಜ್ಯಗಳಿವೆ. ವಾಷಿಂಗ್ಟನ್ ರಾಜ್ಯದಲ್ಲಿ ನರ್ಸ್ ಟೆಕ್ನೀಷಿಯನ್ ಎಂದು ನೋಂದಾಯಿಸಿಕೊಂಡರೆ, ಕಲಿತಿದ್ದಾರೆ ಎಂದು ಕಾಲೇಜು ದೃಢೀಕರಿಸಿದ ಕೆಲಸಗಳನ್ನು ನರ್ಸ್ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಅಲ್ಲಿಯೂ ಕೀಮೊಥೆರಪಿ, ರಕ್ತ ಕೊಡುವುದು, ರಕ್ತನಾಳಕ್ಕೆ ಕೊಡುವ ಔಷಧಿ, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ಯಾವುದನ್ನೂ ಮುಟ್ಟುವಂತಿಲ್ಲ. ಆರೆಗಾನ್‌ನಲ್ಲಿ ನರ್ಸ್ ಇಂಟರ್ನ್‌ಗೆ ರಾಜ್ಯ ಮಂಡಳಿಯದೇ ಲೈಸೆನ್ಸ್ ಇದೆ.

ಓಡಾಟದ ಮಧ್ಯೆ ನರ್ಸ್ ಒಬ್ಬರು, ನೀನು ಕಾಲೇಜಿನಲ್ಲಿ ಮಾಡಿದ್ದೀಯಲ್ಲ, ಈ ಮಾತ್ರೆ ಕೊಟ್ಟುಬಿಡು ಎನ್ನಬಹುದು. ಎಕ್ಸ್‌ಟರ್ನ್ ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ಅದಿಲ್ಲ, ನೀವು ಕೊಡುವಾಗ ಪಕ್ಕದಲ್ಲಿ ನಿಂತು ನೋಡುತ್ತೇನೆ ಎಂದು ಹೇಳಿ. ಆ ಪಟ್ಟಿಯ ಮುದ್ರಿತ ಪ್ರತಿ ಮೊದಲ ದಿನದಿಂದಲೇ ಜೇಬಿನಲ್ಲಿರಲಿ.

ಪಾಳಿ ಹೇಗಿರುತ್ತದೆ?

12 ಗಂಟೆಯ ಮೂರು ಪಾಳಿ, ವಾರಕ್ಕೆ 36 ಗಂಟೆ. ನಿಮ್ಮ ಪ್ರಿಸೆಪ್ಟರ್ (ನಿಮಗೆ ಜೋಡಿಯಾದ ಅನುಭವಸ್ಥ ನರ್ಸ್) ಬರುವ ದಿನವೇ ನಿಮಗೂ. ರಾತ್ರಿ, ಶನಿವಾರ, ಭಾನುವಾರ ಎಲ್ಲ ಸೇರಿ. ಆ ಹತ್ತು ವಾರದೊಳಗೆ ಊರಿಗೆ ಟಿಕೆಟ್ ಮಾಡಿಸಬೇಡಿ. ಅಕ್ಕನ ಮದುವೆಗೆ ಎರಡು ವಾರ ರಜೆ ಎಂದರೆ ಬೇರೆಯವರನ್ನು ಕರೆಯುತ್ತಾರೆ. ಒಂದೆರಡು ದಿನದ ಅನಿವಾರ್ಯ ಇದ್ದರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಹೇಳಿ.

ಎಲ್ಲೂ ಸಿಗಲಿಲ್ಲ. ಈಗ?

ಪೇಶಂಟ್ ಕೇರ್ ಟೆಕ್ನೀಷಿಯನ್ ಅಥವಾ ನರ್ಸಿಂಗ್ ಅಸಿಸ್ಟೆಂಟ್ ಕೆಲಸಕ್ಕೆ ಹಾಕಿ. ಹಲವು ರಾಜ್ಯಗಳಲ್ಲಿ ಫಂಡಮೆಂಟಲ್ಸ್ ಎಂಬ ಆರಂಭದ ಕೋರ್ಸ್ ಮುಗಿಸಿದ ನರ್ಸಿಂಗ್ ವಿದ್ಯಾರ್ಥಿಗಳು ಬೇರೆ ತರಬೇತಿಯಿಲ್ಲದೆ ಇದಕ್ಕೆ ಅರ್ಹರು. ಹೆಸರಿಗೆ ಎಕ್ಸ್‌ಟರ್ನ್ ಅಲ್ಲ ಎಂಬುದನ್ನು ಬಿಟ್ಟರೆ, ಓದು ಮುಗಿದ ಮೇಲೆ ಅದೇ ವಾರ್ಡಿನಲ್ಲಿ ನರ್ಸ್ ಹುದ್ದೆ ಕೇಳುವಾಗ ಒಂದು ವರ್ಷ ಅಲ್ಲೇ ಟೆಕ್ ಆಗಿದ್ದವರ ತೂಕ ಕಡಿಮೆಯೇನಲ್ಲ.

ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. ಇಲ್ಲಿಂದಲೇ ಅರ್ಜಿ ಹಾಕಬಹುದಾ?

ಆಗುವುದಿಲ್ಲ. ಅಮೆರಿಕದ ಮಾನ್ಯತೆ ಪಡೆದ ಕಾಲೇಜಿನ ವಿದ್ಯಾರ್ಥಿಯಾಗಿರಬೇಕು, ಅಲ್ಲಿ ಕೆಲಸ ಮಾಡುವ ಅನುಮತಿಯೂ ಇರಬೇಕು. ಎಕ್ಸ್‌ಟರ್ನ್‌ಶಿಪ್ ಕೊಡಿಸುತ್ತೇವೆ, ವೀಸಾ ಗ್ಯಾರಂಟಿ ಎಂದು ಮುಂಗಡ ಕೇಳುವ ಏಜೆನ್ಸಿಗೆ ದುಡ್ಡು ಕಟ್ಟಬೇಡಿ. ನಿಮ್ಮ ದಾರಿ ಬೇರೆ: ಪದವಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ, ಒಂದೆರಡು ವರ್ಷದ ವಾರ್ಡ್ ಅನುಭವ, ಪ್ರಮಾಣಪತ್ರಗಳ ಮೌಲ್ಯಮಾಪನ, ಇಂಗ್ಲಿಷ್ ಪರೀಕ್ಷೆ, ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್. ಎನ್‌ಕ್ಲೆಕ್ಸ್ ಬರೆಯಲು ಬೆಂಗಳೂರಿನಲ್ಲೇ ಕೇಂದ್ರವಿದೆ. ಈಗ ಮಾಡಬಹುದಾದ ಕೆಲಸವೆಂದರೆ ಪ್ರತಿ ಪೋಸ್ಟಿಂಗ್‌ನ ಗಂಟೆಗಳ ಲೆಕ್ಕವನ್ನು ಕಾಲೇಜಿನಿಂದ ಸಹಿ, ಮೊಹರು ಸಮೇತ ಪಡೆದಿಟ್ಟುಕೊಳ್ಳುವುದು. ಆರು ವರ್ಷ ಕಳೆದು ಮೌಲ್ಯಮಾಪನಕ್ಕೆ ಬೇಕಾದಾಗ ಆ ರಿಜಿಸ್ಟರ್ ಯಾವ ಬೀರುವಿನಲ್ಲಿದೆ ಎಂದು ಹೇಳುವ ಗುಮಾಸ್ತರು ಅಲ್ಲಿರುವುದಿಲ್ಲ.